ಶಕ್ತಿ ಮಾತ್ರೆಯೂ ಔಷಧಿಯೇ: ಬಿ ವಿಟಮಿನ್ ಜೊತೆ ಬೇರೆ ಮಾತ್ರೆ ನುಂಗುವವರಿಗೆ ಸಮಗ್ರ ಮಾರ್ಗದರ್ಶಿ

ಜಗಳೂರು ಕಡೆಯ ಒಬ್ಬ ಅಜ್ಜಿ ತಿಂಗಳಿಗೊಮ್ಮೆ ದಾವಣಗೆರೆಗೆ ಬಂದು, ದೊಡ್ಡಾಸ್ಪತ್ರೆಯಲ್ಲಿ ತೋರಿಸಿಕೊಂಡು, ವಾಪಸ್ ಬಸ್ ಹತ್ತುವ ಮುಂಚೆ ನಮ್ಮ ಔಷಧಿ ಅಂಗಡಿಗೆ ಬರುತ್ತಾರೆ. ದುಡ್ಡು ಸೆರಗಿನ ಗಂಟಿನಲ್ಲಿ, ಮಾತ್ರೆಗಳು ಬಟ್ಟೆ ಅಂಗಡಿಯ ಹಳೇ ಪ್ಲಾಸ್ಟಿಕ್ ಚೀಲದಲ್ಲಿ. ಚೀಲವನ್ನು ಕೌಂಟರ್ ಮೇಲೆ ಸುರಿದು ಒಂದೊಂದೇ ಶೀಟನ್ನು ಬೆರಳಿನಿಂದ ಸರಿಸುತ್ತಾ ಹೇಳುತ್ತಾರೆ: "ಇದು ಶುಗರಿಂದು, ಇದು ಬೀಪಿದು, ಇದು ಗ್ಯಾಸಿಂದು." ಕೆಂಪು ಕ್ಯಾಪ್ಸೂಲಿನ ಶೀಟು ಬಂದಾಗ ಬೆರಳು ನಿಲ್ಲದೆ ದಾಟಿ ಹೋಗುತ್ತದೆ. ಇದೇನಜ್ಜಿ ಎಂದರೆ, "ಅದು ಮಾತ್ರಿ ಅಲ್ಲ ಬಿಡಪ್ಪ, ಶಕ್ತಿದು."

ಇಪ್ಪತ್ತೆರಡು ವರ್ಷ ಕೌಂಟರಿನ ಹಿಂದೆ ನಿಂತು ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಬಿ-ಕಾಂಪ್ಲೆಕ್ಸ್ ಅಂದರೆ ನಮ್ಮ ಜನರಿಗೆ ಔಷಧಿಯಲ್ಲ, ಊಟದ ಮೇಲೊಂದು ಬಾಳೆಹಣ್ಣಿನ ಹಾಗೆ. ಹಾಗಾಗಿ ವೈದ್ಯರು "ಬೇರೆ ಏನಾದರೂ ತಗೊಳ್ತೀರಾ?" ಎಂದು ಕೇಳಿದರೆ "ಏನಿಲ್ಲ ಸಾರ್" ಅನ್ನುತ್ತಾರೆ. ಸುಳ್ಳು ಹೇಳಬೇಕು ಅಂತಲ್ಲ, ಅದು ಲೆಕ್ಕಕ್ಕೇ ಬರುವುದಿಲ್ಲ. ಹೆಚ್ಚಿನವರಿಗೆ ಇದರಿಂದ ತೊಂದರೆಯೂ ಆಗುವುದಿಲ್ಲ. ಆದರೆ ಕೆಲವು ಔಷಧಿ ತಗೊಳ್ಳುವವರಿಗೆ ಬಿ ವಿಟಮಿನ್ ಕಡಿಮೆಯಾದರೂ ಅಪಾಯ, ತಾವಾಗಿ ಹೆಚ್ಚು ತಗೊಂಡರೂ ಅಪಾಯ. ನೀವು ಆ ಗುಂಪಿನಲ್ಲಿ ಇದ್ದೀರೋ ಇಲ್ಲವೋ ಎಂಬುದನ್ನು ಮನೆಯಲ್ಲೇ ಕೂತು ಕಂಡುಕೊಳ್ಳುವ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಒಂದು ಮಾತು ಈಗಲೇ ಹೇಳುತ್ತೇನೆ. ಇದನ್ನು ಓದಿ ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ, ಹೊಸದನ್ನು ಶುರು ಮಾಡಲೂ ಬೇಡಿ. ಇಲ್ಲಿ ಕಂಡದ್ದನ್ನು ವೈದ್ಯರ ಮುಂದೆ ಇಡಿ. ಫಿಟ್ಸ್ ಮಾತ್ರೆ, ಟಿ.ಬಿ. ಮಾತ್ರೆಗಳ ವಿಷಯದಲ್ಲಂತೂ ಕೈಮುಗಿದು ಕೇಳಿಕೊಳ್ಳುತ್ತೇನೆ.

ಹಂತ 1: ಮನೆಯ ಮಾತ್ರೆಗಳನ್ನೆಲ್ಲ ಒಂದು ತಟ್ಟೆಗೆ ಸುರಿಯಿರಿ

ದೊಡ್ಡ ಊಟದ ತಟ್ಟೆ ತಗೊಳ್ಳಿ. ಡಬ್ಬಿಯಲ್ಲಿರುವುದು, ದೇವರ ಮನೆಯ ಗೂಡಿನಲ್ಲಿರುವುದು, ಫ್ರಿಜ್ಜಿನ ಬಾಗಿಲಲ್ಲಿರುವ ಸಿರಪ್, ಮಗಳು ಕೂದಲು ಉದುರುತ್ತೆ ಅಂತ ತರಿಸಿಕೊಂಡ ಬಾಟಲಿ, ಜಿಮ್‌ಗೆ ಹೋಗುವ ಮಗನ ಪ್ರೋಟೀನ್ ಪೌಡರ್, ಆಶಾ ಕಾರ್ಯಕರ್ತೆ ಕೊಟ್ಟ ಕೆಂಪು ಮಾತ್ರೆ, ನಾಟಿ ವೈದ್ಯರ ಪುಡಿ, ಎಲ್ಲವೂ ಬರಲಿ. ಯಾವುದು ಯಾರದು ಎಂದು ಆಮೇಲೆ ಬೇರೆ ಮಾಡಿ.

ಇಲ್ಲಿ ನಮ್ಮ ಕಡೆಯ ಒಂದು ಕೆಟ್ಟ ರೂಢಿ ಅಡ್ಡ ಬರುತ್ತದೆ. ನಾಲ್ಕು ಮಾತ್ರೆ ಕೊಡಿ ಎಂದರೆ ಅಂಗಡಿಯವರು ಕತ್ತರಿ ಹಾಕಿ ನಾಲ್ಕನ್ನು ಕೊಡುತ್ತಾರೆ. ಹೆಸರು, ಅವಧಿ ಮುಗಿಯುವ ತಾರೀಖು ಅಂಗಡಿಯಲ್ಲೇ ಉಳಿದ ತುಂಡಿಗೆ ಹೋಗುತ್ತದೆ. ನಿಮ್ಮ ಕೈಗೆ ಬರುವುದು ಬೆಳ್ಳಿ ಬಣ್ಣದ ಹೆಸರಿಲ್ಲದ ಚೂರು. ಅಂಥ ಚೂರುಗಳನ್ನು ಬಣ್ಣ ನೋಡಿ ಗುರುತಿಸಲು ಹೋಗಬೇಡಿ. ಅವನ್ನು ಬೇರೆ ಇಡಿ, ಕೊಂಡ ಅಂಗಡಿಗೇ ಒಯ್ದು ಹೆಸರು ಕೇಳಿ. ಗೊತ್ತಾಗದಿದ್ದರೆ ಬಳಸಬೇಡಿ. ಇನ್ನು ಮುಂದೆ ಕತ್ತರಿಸುವಾಗ ಹೆಸರಿರುವ ಕಡೆಯ ತುಂಡನ್ನೇ ಕೇಳಿ ಪಡೆಯಿರಿ, ಇಲ್ಲವೇ ಫೋನಿನಲ್ಲಿ ಪೂರ್ತಿ ಶೀಟಿನ ಫೋಟೋ ತೆಗೆದುಕೊಳ್ಳಿ. ಕೊಡುವುದಿಲ್ಲ ಎನ್ನುವ ಅಂಗಡಿಗೆ ಎರಡನೇ ಸಲ ಹೋಗಬೇಡಿ. ಅಂಗಡಿಯವನಾಗಿಯೇ ಈ ಮಾತು ಹೇಳುತ್ತಿದ್ದೇನೆ.

ಹಂತ 2: ಶೀಟಿನ ಮುಂಭಾಗ ಬಿಡಿ, ಬೆನ್ನು ಓದಿ

ಮುಂಭಾಗದಲ್ಲಿ ಕಂಪನಿ ಇಟ್ಟ ಹೆಸರಿರುತ್ತದೆ. ನಿಮಗೆ ಬೇಕಾದದ್ದು ಹಿಂದಿನ ಸಣ್ಣ ಅಕ್ಷರಗಳಲ್ಲಿದೆ. ಕಾಣದಿದ್ದರೆ ಫೋಟೋ ತೆಗೆದು ದೊಡ್ಡದು ಮಾಡಿ, ಅಥವಾ ಓದುವ ಮಕ್ಕಳನ್ನು ಕೂರಿಸಿಕೊಳ್ಳಿ.

ಬಿ ಗುಂಪಿನಲ್ಲಿ ಒಟ್ಟು ಎಂಟು ವಿಟಮಿನ್‌ಗಳು: ಥಯಾಮಿನ್ ಅಂದರೆ ಬಿ1, ರೈಬೊಫ್ಲೇವಿನ್ ಬಿ2, ನಯಾಸಿನ್ ಅಥವಾ ನಿಕೋಟಿನಮೈಡ್ ಬಿ3, ಪ್ಯಾಂಟೊಥೆನಿಕ್ ಆಮ್ಲ ಬಿ5, ಪಿರಿಡಾಕ್ಸಿನ್ ಬಿ6, ಬಯೋಟಿನ್ ಬಿ7, ಫೋಲಿಕ್ ಆಮ್ಲ ಬಿ9, ಕೊಬಾಲಮಿನ್ ಬಿ12. ಬಿ12 ಹೆಚ್ಚಾಗಿ ಮೀಥೈಲ್‌ಕೊಬಾಲಮಿನ್ ಅಥವಾ ಸಯನೊಕೊಬಾಲಮಿನ್ ಎಂಬ ಹೆಸರಿನಲ್ಲಿರುತ್ತದೆ. ಬೇರೆ ಔಷಧಿಗಳ ಜೊತೆಗಿನ ತಕರಾರು ಮುಖ್ಯವಾಗಿ ಬಿ6, ಫೋಲಿಕ್ ಆಮ್ಲ, ಬಿ12, ಬಯೋಟಿನ್ ಈ ನಾಲ್ಕರದ್ದು. ಇವುಗಳ ಮುಂದಿನ ಸಂಖ್ಯೆಯನ್ನು ಬರೆದುಕೊಳ್ಳಿ. ಎಂ.ಜಿ. ಎಂದಿದೆಯೋ ಮೈಕ್ರೋಗ್ರಾಂ ಎಂದಿದೆಯೋ ಎರಡು ಸಲ ನೋಡಿ. 1 ಎಂ.ಜಿ. ಅಂದರೆ 1000 ಮೈಕ್ರೋಗ್ರಾಂ.

ಈ ಬೆನ್ನು ಓದುವ ಕೆಲಸದಲ್ಲಿ ಅತಿ ದೊಡ್ಡ ಆಶ್ಚರ್ಯ ಕಾದಿರುವುದು "ನರದ ಮಾತ್ರೆ"ಯಲ್ಲಿ. ಕಾಲು ಉರಿ, ಜೋಮು, ಸೊಂಟದಿಂದ ಕಾಲಿಗಿಳಿಯುವ ನೋವಿಗೆ ಕೊಡುವ ಎಷ್ಟೋ ಮಾತ್ರೆಗಳಲ್ಲಿ ಮೀಥೈಲ್‌ಕೊಬಾಲಮಿನ್ ಜೊತೆ ಪ್ರಿಗ್ಯಾಬಲಿನ್ ಅಥವಾ ಗ್ಯಾಬಾಪೆಂಟಿನ್ ಸೇರಿರುತ್ತದೆ. ಕೆಲವದರಲ್ಲಿ ನಾರ್ಟ್ರಿಪ್ಟಿಲಿನ್ ಕೂಡ. ಇವು ವಿಟಮಿನ್‌ಗಳಲ್ಲ, ನರಮಂಡಲದ ಮೇಲೆ ನೇರವಾಗಿ ಕೆಲಸ ಮಾಡುವ ಔಷಧಿಗಳು. ತಲೆ ತಿರುಗಿಸುತ್ತವೆ, ಮಂಪರು ತರುತ್ತವೆ, ಪ್ರಿಗ್ಯಾಬಲಿನ್ ಕಾಲು ಊತವನ್ನೂ ತರಬಹುದು. ನಿದ್ದೆ ಮಾತ್ರೆ, ಟ್ರಮಡಾಲ್‌ನಂಥ ನೋವಿನ ಮಾತ್ರೆ, ಮದ್ಯ ಇವುಗಳ ಜೊತೆ ಸೇರಿದರೆ ಮಂಪರು ಹೆಚ್ಚಾಗಿ ಉಸಿರಾಟವೇ ನಿಧಾನವಾಗುವ ಅಪಾಯವಿದೆ. ಕಿಡ್ನಿ ದುರ್ಬಲ ಇದ್ದವರಿಗೆ ಪ್ರಿಗ್ಯಾಬಲಿನ್, ಗ್ಯಾಬಾಪೆಂಟಿನ್ ಪ್ರಮಾಣ ಇಳಿಸಬೇಕು. ತಿಂಗಳುಗಟ್ಟಲೆ ತಗೊಂಡು ಒಮ್ಮೆಲೇ ಬಿಡಲೂ ಬಾರದು. ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟ ಮುರಿದುಕೊಂಡವರ ಮನೆಯವರು "ವಿಟಮಿನ್ ಬಿಟ್ಟರೆ ಬೇರೇನೂ ತಗೊಳ್ತಿರಲಿಲ್ಲ" ಎಂದದ್ದನ್ನು ಕೇಳಿದ್ದೇನೆ. ಆ "ವಿಟಮಿನ್" ಶೀಟಿನ ಬೆನ್ನಲ್ಲಿ ಪ್ರಿಗ್ಯಾಬಲಿನ್ 75 ಎಂ.ಜಿ. ಎಂದಿತ್ತು.

ಇದೇ ರೀತಿ ಡೈಕ್ಲೊಫಿನಾಕ್ ನೋವಿನ ಔಷಧಿಯನ್ನು ಬಿ ವಿಟಮಿನ್ ಜೊತೆ ಕೂಡಿಸಿದ ಕ್ಯಾಪ್ಸೂಲ್‌ಗಳೂ ಇವೆ. ಬಿ.ಪಿ. ಇರುವವರು, ಕಿಡ್ನಿ ತೊಂದರೆಯವರು ಇದನ್ನು ಶಕ್ತಿ ಮಾತ್ರೆ ಎಂದುಕೊಂಡು ದಿನಾ ನುಂಗಿದರೆ ಕಥೆ ಬೇರೆಯೇ ಆಗುತ್ತದೆ.

ಹಂತ 3: ನಿಮ್ಮ ಮುಖ್ಯ ಔಷಧಿಯನ್ನು ಇಲ್ಲಿ ಹುಡುಕಿ

ಶುಗರ್ ಮತ್ತು ಗ್ಯಾಸ್ ಮಾತ್ರೆ

ಇದರ ಬಗ್ಗೆ ಹೆಚ್ಚು ಬರೆಯುತ್ತೇನೆ. ಇದು ನಮ್ಮ ಮನೆಯಲ್ಲೇ ಆದದ್ದು.

ನಮ್ಮಮ್ಮ ಚಿತ್ರದುರ್ಗದಲ್ಲಿದ್ದಾರೆ. ಬೆಳಿಗ್ಗೆ ಕೋಟೆಯ ಕಡೆ ನಡೆದು ಬರುವುದು ಅವರ ಎಷ್ಟೋ ವರ್ಷದ ಅಭ್ಯಾಸ. ಒಂದು ದಿನ ಮನೆಯ ಮೆಟ್ಟಿಲು ಹತ್ತುವಾಗ ಹಿಂದೆ ಬರುತ್ತಿದ್ದ ನಾನು ನೋಡಿದೆ: ಅವರ ಎಡಗಾಲಿನ ಚಪ್ಪಲಿ ಕಳಚಿ ಮೊದಲನೇ ಮೆಟ್ಟಿಲ ಮೇಲೆ ಉಳಿದಿತ್ತು. ಅಮ್ಮ ಮೂರನೇ ಮೆಟ್ಟಿಲ ಮೇಲಿದ್ದರು. "ಅಮ್ಮಾ, ಚಪ್ಪಲಿ" ಅಂದೆ. ಕೆಳಗೆ ಕಾಲು ನೋಡಿಕೊಂಡರು. ಬರಿಗಾಲು ಕಲ್ಲಿನ ಮೇಲಿರುವುದು ಅವರಿಗೆ ಕಣ್ಣಿಗೆ ಕಂಡ ಮೇಲೆಯೇ ಗೊತ್ತಾದದ್ದು.

ಎರಡು ವರ್ಷದಿಂದ ಪಾದ ಉರಿ, ಜೋಮು ಅನ್ನುತ್ತಿದ್ದರು. ಶುಗರ್ ಇದ್ದವರಿಗೆ ಇದ್ದದ್ದೇ ಎಂದು ನಾನೇ ಸಮಾಧಾನ ಹೇಳುತ್ತಿದ್ದೆ. ಒಂಬತ್ತು ವರ್ಷದಿಂದ ಮೆಟ್‌ಫಾರ್ಮಿನ್, ನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಪ್ಯಾಂಟೊಪ್ರಜೋಲ್. ಎರಡನ್ನೂ ನನ್ನ ಅಂಗಡಿಯಿಂದಲೇ ಡಬ್ಬಿಗಟ್ಟಲೆ ಒಯ್ದು ಕೊಟ್ಟವನು ನಾನು. ರಕ್ತ ಕೊಟ್ಟು ಬಂದ ವರದಿಯಲ್ಲಿ ಬಿ12 ಕೆಳಗಿನ ಮಿತಿಗಿಂತಲೂ ಕೆಳಗಿತ್ತು. ಇಂಜೆಕ್ಷನ್, ಆಮೇಲೆ ಮಾತ್ರೆ ನಡೆದು ಈಗ ನಡಿಗೆ ನೆಟ್ಟಗಾಗಿದೆ. ಬೆರಳ ತುದಿಯ ಜೋಮು ಮಾತ್ರ ಪೂರ್ತಿ ಹೋಗಿಲ್ಲ. ನರ ಬಹಳ ಕಾಲ ಹಸಿದಿದ್ದರೆ ಎಲ್ಲವೂ ವಾಪಸ್ ಬರುವುದಿಲ್ಲ ಎಂಬುದನ್ನು ನಾನು ಓದಿ ತಿಳಿದಿದ್ದೆ. ಅಮ್ಮನ ಕಾಲಲ್ಲಿ ನೋಡಿದ ಮೇಲೆ ಅದು ಬೇರೆಯೇ ತಿಳುವಳಿಕೆಯಾಯಿತು.

ಆದದ್ದು ಇಷ್ಟು. ನಾವು ತಿನ್ನುವ ಹಾಲು, ಮೊಸರು, ಮೊಟ್ಟೆ, ಮಾಂಸದಲ್ಲಿ ಬಿ12 ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಹೊಟ್ಟೆಯ ಆಮ್ಲ ಅದನ್ನು ಬಿಡಿಸುತ್ತದೆ. ಬಿಡಿಸಿದ ಬಿ12 ಹೊಟ್ಟೆಯೇ ಸ್ರವಿಸುವ ಇನ್ನೊಂದು ಪ್ರೋಟೀನಿನ ಜೊತೆ ಸೇರಿ ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ರಕ್ತಕ್ಕೆ ಹೋಗುತ್ತದೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್‌ನಂಥ ಗ್ಯಾಸ್ ಮಾತ್ರೆಗಳು ಆಮ್ಲವನ್ನೇ ತಗ್ಗಿಸುವುದರಿಂದ ಮೊದಲ ಬಾಗಿಲು ಅರ್ಧ ಮುಚ್ಚುತ್ತದೆ. ಮೆಟ್‌ಫಾರ್ಮಿನ್ ಕರುಳಿನಲ್ಲಿ ಹೀರಿಕೊಳ್ಳುವ ಕಡೆ ಅಡ್ಡ ಬರುತ್ತದೆ, ಅಲ್ಲಿಗೆ ಎರಡನೇ ಬಾಗಿಲು. ಇನ್ನು ನಮ್ಮ ಊಟ ನೋಡಿ: ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿಪುಡಿ. ಫೋಲೇಟ್, ಅಂದರೆ ಬಿ9, ಬೇಕಾದಷ್ಟಿದೆ, ಬಿ12 ಇಲ್ಲವೇ ಇಲ್ಲ. ಸಸ್ಯಾಹಾರಿಗಳಿಗೆ ಗತಿ ಹಾಲು, ಮೊಸರು, ಮಜ್ಜಿಗೆ ಮಾತ್ರ. ಈ ಮೂರೂ ಒಬ್ಬರಲ್ಲೇ ಕೂಡಿಬಂದರೆ ಕೊರತೆ ಬರುವುದು ಬಹುಪಾಲು ಸಮಯದ ಪ್ರಶ್ನೆ. ಲಿವರಿನಲ್ಲಿ ಬಿ12 ವರ್ಷಗಟ್ಟಲೆ ದಾಸ್ತಾನಿರುವುದರಿಂದ ಖಾಲಿಯಾಗುವುದು ನಿಧಾನ. ಹಾಗಾಗಿಯೇ ಯಾರಿಗೂ ಅನುಮಾನ ಬರುವುದಿಲ್ಲ.

ಈಗ ನೀವು ಮಾಡಬೇಕಾದದ್ದು. ನಿಮ್ಮ ಶುಗರ್ ಮಾತ್ರೆಯ ಬೆನ್ನಲ್ಲಿ ಮೆಟ್‌ಫಾರ್ಮಿನ್ ಇದೆಯೇ ನೋಡಿ. ಗ್ಲಿಮೆಪಿರೈಡ್, ವಿಲ್ಡಾಗ್ಲಿಪ್ಟಿನ್ ಮುಂತಾದವುಗಳ ಜೊತೆ ಒಂದೇ ಮಾತ್ರೆಯಲ್ಲಿ ಸೇರಿಕೊಂಡಿರುವುದೇ ಹೆಚ್ಚು. ನಾಲ್ಕೈದು ವರ್ಷ ದಾಟಿದ್ದರೆ, ಅಥವಾ ಕಾಲು ಉರಿ, ಜೋಮು, ಕತ್ತಲಲ್ಲಿ ಓಲಾಟ, ನಾಲಿಗೆ ಉರಿ, ಮರೆವು ಇವು ಇದ್ದರೆ ಮುಂದಿನ ಸಲ ಬಿ12 ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಪರೀಕ್ಷೆಗೆ ಮುಂಚೆಯೇ ಬಿ12 ಮಾತ್ರೆ ಶುರು ಮಾಡಬೇಡಿ. ಶುರುವಾದ ಮೇಲೆ ರಕ್ತದ ಅಂಕಿ ಏರಿಬಿಡುತ್ತದೆ, ಮೂಲ ಕೊರತೆ ಎಷ್ಟಿತ್ತು ಎಂದು ತಿಳಿಯುವುದೇ ಇಲ್ಲ. ಮೆಟ್‌ಫಾರ್ಮಿನ್ ಬಿಡಬೇಕಿಲ್ಲ, ಅದು ಒಳ್ಳೆಯ ಔಷಧಿ. ಮಾತ್ರೆಯಲ್ಲಿರುವ ಬಿ12 ಪ್ರೋಟೀನಿಗೆ ಅಂಟಿರುವುದಿಲ್ಲ, ಅದಕ್ಕೆ ಹೊಟ್ಟೆಯ ಆಮ್ಲದ ಹಂಗಿಲ್ಲ. ಸಾವಿರ ಮೈಕ್ರೋಗ್ರಾಂನಷ್ಟು ಕೊಟ್ಟಾಗ ಅದರಲ್ಲಿ ಸುಮಾರು ನೂರಕ್ಕೆ ಒಂದು ಪಾಲು ತಾನಾಗಿಯೇ ಒಳಗೆ ಇಳಿಯುತ್ತದೆ, ಅಷ್ಟು ಸಾಕಾಗುತ್ತದೆ. ಹಾಗಾಗಿ ಎಲ್ಲರಿಗೂ ಇಂಜೆಕ್ಷನ್ನೇ ಆಗಬೇಕೆಂದೇನಿಲ್ಲ. ನರಕ್ಕೆ ಪೆಟ್ಟು ಬಿದ್ದಿದ್ದರೆ ಇಂಜೆಕ್ಷನ್ನಿಂದ ಶುರು ಮಾಡುತ್ತಾರೆ.

ಗ್ಯಾಸ್ ಮಾತ್ರೆ ಯಾಕೆ ಶುರುವಾಯಿತು ಎಂಬುದೇ ಬಹಳ ಜನಕ್ಕೆ ನೆನಪಿರುವುದಿಲ್ಲ. ಯಾವತ್ತೋ ನೋವಿನ ಮಾತ್ರೆಯ ಜೊತೆ ಹದಿನೈದು ದಿನಕ್ಕೆ ಬರೆದದ್ದು ವರ್ಷಗಟ್ಟಲೆ ನಡೆದಿರುತ್ತದೆ. ಇನ್ನೂ ಬೇಕೇ ಎಂದು ಕೇಳಿ. ಒಮ್ಮೆಲೇ ನಿಲ್ಲಿಸಿದರೆ ಆಮ್ಲ ಉಕ್ಕಿ ಬರುವುದುಂಟು, ವೈದ್ಯರು ನಿಧಾನವಾಗಿ ಇಳಿಸುತ್ತಾರೆ.

ಬರೀ ಫೋಲಿಕ್ ಆಮ್ಲ ನುಂಗುವವರು

ಸುಸ್ತು, ರಕ್ತ ಕಮ್ಮಿ ಎಂದು ಫೋಲಿಕ್ ಆಮ್ಲದ 5 ಎಂ.ಜಿ. ಹಳದಿ ಮಾತ್ರೆಯನ್ನು ತಾವೇ ಕೊಂಡು ತಿನ್ನುವವರಿದ್ದಾರೆ. ಒಳಗೆ ಬಿ12 ಕೊರತೆಯಿದ್ದರೆ ಫೋಲಿಕ್ ಆಮ್ಲ ರಕ್ತಹೀನತೆಯನ್ನು ಮಾತ್ರ ಸರಿಪಡಿಸುತ್ತದೆ. ಮುಖದಲ್ಲಿ ಕಳೆ ಬರುತ್ತದೆ, ಹಿಮೋಗ್ಲೋಬಿನ್ ಏರುತ್ತದೆ, ಎಲ್ಲರಿಗೂ ಖುಷಿ. ನರದ ಹಾನಿ ಮಾತ್ರ ಸದ್ದಿಲ್ಲದೆ ಮುಂದುವರಿಯುತ್ತದೆ. ಸಸ್ಯಾಹಾರಿಗಳು ಬಿ12 ನೋಡಿಸದೆ ದೊಡ್ಡ ಪ್ರಮಾಣದ ಫೋಲಿಕ್ ಆಮ್ಲ ತಗೊಳ್ಳಬಾರದು. ಗರ್ಭಿಣಿಯರಿಗೆ ಸರ್ಕಾರ ಕೊಡುವ ಕೆಂಪು ಮಾತ್ರೆಯಲ್ಲಿ 60 ಎಂ.ಜಿ. ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಅದು ಸಣ್ಣ ಪ್ರಮಾಣ, ಬೇಕೇ ಬೇಕು, ಹೆದರಿ ಬಿಡಬೇಡಿ.

ಟಿ.ಬಿ. ಮಾತ್ರೆ

ಟಿ.ಬಿ. ಚಿಕಿತ್ಸೆಯ ಐಸೊನಿಯಾಜಿಡ್ ದೇಹದ ಬಿ6 ಅನ್ನು ಹಿಡಿದು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಬಿ6 ಇಲ್ಲದ ನರಗಳು ಪಾದದಿಂದ ಶುರು ಮಾಡಿ ಉರಿಯತೊಡಗುತ್ತವೆ. ಶುಗರ್ ಇದ್ದವರು, ಕುಡಿಯುವವರು, ಗರ್ಭಿಣಿಯರು, ಎಚ್‌.ಐ.ವಿ. ಸೋಂಕಿತರು, ಕಿಡ್ನಿ ತೊಂದರೆಯವರು, ತೂಕ ಇಳಿದು ಸೊರಗಿದವರಲ್ಲಿ ಇದು ಬೇಗ. ತಡೆಯಲು ದಿನಕ್ಕೆ 10 ಎಂ.ಜಿ. ಪಿರಿಡಾಕ್ಸಿನ್ ಕೊಡುವುದು ರೂಢಿ. ಉರಿ ಶುರುವಾಗಿದ್ದರೆ ವೈದ್ಯರು ಹೆಚ್ಚಿಸುತ್ತಾರೆ. "ಬಿ-ಕಾಂಪ್ಲೆಕ್ಸ್ ತಗೊಳ್ತಾ ಇದ್ದೀನಲ್ಲ, ಸಾಕು" ಎನ್ನಬೇಡಿ. ಸಾಮಾನ್ಯ ಬಿ-ಕಾಂಪ್ಲೆಕ್ಸಿನಲ್ಲಿ ಬಿ6 ಎಷ್ಟೋ ಸಲ 3 ಎಂ.ಜಿ. ಮಾತ್ರ. ಹಾಗೆಂದು 100 ಎಂ.ಜಿ.ಯ ಮಾತ್ರೆಯನ್ನು ನೀವೇ ಕೊಳ್ಳಲೂ ಬೇಡಿ, ಯಾಕೆಂದು ಮುಂದೆ ಹೇಳುತ್ತೇನೆ. ಕಾಲು ಉರಿಯಿತು ಎಂದು ಟಿ.ಬಿ. ಮಾತ್ರೆ ಬಿಟ್ಟವರನ್ನು ನೋಡಿ ಸಂಕಟವಾಗುತ್ತದೆ. ಬಿಡುವ ಬದಲು ಪಿ.ಎಚ್‌.ಸಿ.ಯಲ್ಲಿ ಹೇಳಿದ್ದರೆ ಅಗ್ಗದ ಒಂದು ಮಾತ್ರೆಯಿಂದ ಸರಿಹೋಗುತ್ತಿತ್ತು.

ಮೂತ್ರದ ಬಣ್ಣ ನೋಡಿ ಗಾಬರಿಯಾಗುವವರಿಗೆ: ಕಡು ಕಿತ್ತಳೆ ಅಥವಾ ಕೆಂಪು ಬಣ್ಣ ಟಿ.ಬಿ. ಚಿಕಿತ್ಸೆಯ ಇನ್ನೊಂದು ಔಷಧಿ ರಿಫಾಂಪಿಸಿನ್‌ನದು, ಹೊಳೆಯುವ ಹಳದಿ ಬಿ2 ವಿಟಮಿನ್ನಿನದು. ಎರಡರಿಂದಲೂ ಅಪಾಯವಿಲ್ಲ. ಆದರೆ ಟಿ.ಬಿ. ಮಾತ್ರೆ ತಗೊಳ್ಳುವಾಗ ಕಣ್ಣಿನ ಬಿಳಿ ಭಾಗ ಹಳದಿಯಾದರೆ ಅದು ಲಿವರಿನ ತೊಂದರೆ, ಅದೇ ದಿನ ಆಸ್ಪತ್ರೆಗೆ ಹೋಗಿ.

ಫಿಟ್ಸ್ ಮಾತ್ರೆ

ಫೆನಿಟಾಯಿನ್ ತಗೊಳ್ಳುವವರಿಗೆ ಇದು ಎರಡು ಅಲಗಿನ ಕತ್ತಿ. ಫೆನಿಟಾಯಿನ್ ದೇಹದ ಫೋಲೇಟನ್ನು ಇಳಿಸುತ್ತದೆ. ಅದನ್ನು ತುಂಬಲು ದೊಡ್ಡ ಪ್ರಮಾಣದ ಫೋಲಿಕ್ ಆಮ್ಲ ಕೊಟ್ಟರೆ ರಕ್ತದಲ್ಲಿ ಫೆನಿಟಾಯಿನ್ನೇ ಇಳಿಯಬಹುದು, ವರ್ಷಗಳಿಂದ ನಿಂತಿದ್ದ ಫಿಟ್ಸ್ ಮತ್ತೆ ಬರಬಹುದು. ದಿನಕ್ಕೆ 200 ಎಂ.ಜಿ.ಯಂಥ ಭಾರೀ ಬಿ6 ಕೂಡ ಫೆನಿಟಾಯಿನ್, ಫಿನೋಬಾರ್ಬಿಟೋನ್ ಎರಡರ ಮಟ್ಟವನ್ನೂ ಇಳಿಸುತ್ತದೆ. ಹಾಗಾಗಿ ಸೇರಿಸುವುದಾಗಲಿ ಬಿಡುವುದಾಗಲಿ ವೈದ್ಯರಿಗೆ ಗೊತ್ತಿದ್ದೇ ಆಗಬೇಕು. ಬೇಕೆನಿಸಿದರೆ ಅವರು ರಕ್ತದಲ್ಲಿ ಫೆನಿಟಾಯಿನ್ ಮಟ್ಟ ನೋಡುತ್ತಾರೆ. ಮದುವೆಯಾಗಲಿರುವ, ಮಗು ಬಯಸುವ ಹೆಣ್ಣುಮಕ್ಕಳು ಫಿಟ್ಸ್ ಮಾತ್ರೆಯಲ್ಲಿದ್ದರೆ, ಅದರಲ್ಲೂ ವ್ಯಾಲ್ಪ್ರೊಯೇಟ್ ಆಗಿದ್ದರೆ, ಗರ್ಭ ನಿಲ್ಲುವ ಮುಂಚೆಯೇ ನರರೋಗ ತಜ್ಞರನ್ನು ಕಾಣಬೇಕು. ಫೋಲೇಟ್ ಬೇಕೇ ಬೇಕಾದ ಮಗುವಿನ ಬೆನ್ನುಹುರಿ ರೂಪುಗೊಳ್ಳುವುದು ಗರ್ಭದ ಮೊದಲ ವಾರಗಳಲ್ಲಿ, ಎಷ್ಟೋ ಸಲ ಮುಟ್ಟು ತಪ್ಪಿದ್ದು ಖಾತ್ರಿಯಾಗುವ ಮೊದಲೇ. ಈ ವಿಷಯವನ್ನು ಅತ್ತೆ ಮನೆಯಲ್ಲಿ ಮುಚ್ಚಿಟ್ಟು, ಮಾತ್ರೆಯನ್ನೂ ಮುಚ್ಚಿಟ್ಟುಕೊಂಡು ನುಂಗುವ ಹುಡುಗಿಯರು ನಮ್ಮ ಅಂಗಡಿಗೆ ಬರುತ್ತಾರೆ. ತಾಯಂದಿರೇ, ದಯವಿಟ್ಟು ಅವರ ಜೊತೆ ಆಸ್ಪತ್ರೆಗೆ ಹೋಗಿ.

ವಾರಕ್ಕೊಂದು ದಿನದ ಮೆಥೊಟ್ರೆಕ್ಸೇಟ್

ಕೀಲುವಾತಕ್ಕೆ, ಸೋರಿಯಾಸಿಸ್‌ಗೆ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಬಾಯಿಹುಣ್ಣು, ವಾಕರಿಕೆ, ರಕ್ತಕಣ ಇಳಿಯುವಂಥ ಅಡ್ಡ ಪರಿಣಾಮ ತಗ್ಗಿಸಲು ಜೊತೆಗೆ ಫೋಲಿಕ್ ಆಮ್ಲ ಬೇರೆ ದಿನ. ಎರಡೂ ಪುಟ್ಟ ಮಾತ್ರೆ, ಎರಡೂ ಹಳದಿ ಬಣ್ಣದಲ್ಲಿ ಬರುವುದುಂಟು. ಬ್ರ್ಯಾಂಡ್ ಹೆಸರುಗಳು ಕೂಡ ಫಾಲಿಟ್ರಾಕ್ಸ್, ಫಾಲ್ವೈಟ್ ಎಂದು ಕಿವಿಗೆ ಅಣ್ಣತಮ್ಮಂದಿರ ಹಾಗೆ. ಮೊದಲನೆಯದು ಮೆಥೊಟ್ರೆಕ್ಸೇಟ್, ಎರಡನೆಯದು ಫೋಲಿಕ್ ಆಮ್ಲ. ಅದಲು ಬದಲಾಗಿ ಮೆಥೊಟ್ರೆಕ್ಸೇಟನ್ನು ದಿನಾ ನುಂಗಿದರೆ ಜೀವಕ್ಕೇ ಕುತ್ತು. ಎರಡು ಡಬ್ಬಿ ಮಾಡಿ. ಮೆಥೊಟ್ರೆಕ್ಸೇಟ್ ಡಬ್ಬಿಯ ಮೇಲೆ ವಾರದ ಹೆಸರನ್ನು, ಉದಾಹರಣೆಗೆ "ಸೋಮವಾರ ಮಾತ್ರ" ಎಂದು, ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಅಂಟಿಸಿ. ದಾವಣಗೆರೆಯಲ್ಲಿ ಸಂತೆ ದಿನ, ದೇವರ ದಿನ ನೆನಪಿಡುವವರು ಔಷಧಿಯ ದಿನವನ್ನೂ ಅದಕ್ಕೆ ಹೊಂದಿಸಿಕೊಳ್ಳಬಹುದು. ಬಾಯಿಹುಣ್ಣು, ಜ್ವರ, ಚರ್ಮದ ಕೆಳಗೆ ರಕ್ತದ ಕಲೆ ಕಂಡರೆ ಕಾಯಬೇಡಿ. ಟ್ರೈಮೆಥೊಪ್ರಿಮ್ ಇರುವ ಆಂಟಿಬಯೋಟಿಕ್ ಯಾರಾದರೂ ಬರೆದರೆ ಮೆಥೊಟ್ರೆಕ್ಸೇಟ್ ತಗೊಳ್ಳುತ್ತಿದ್ದೇನೆ ಎಂದು ಹೇಳಲೇಬೇಕು. ಅದೂ ಫೋಲೇಟ್ ದಾರಿಗೇ ಅಡ್ಡ ನಿಲ್ಲುವ ಔಷಧಿ.

ಕ್ಯಾನ್ಸರಿಗೆ ಮೆಥೊಟ್ರೆಕ್ಸೇಟ್ ಕೊಟ್ಟಿದ್ದರೆ ಲೆಕ್ಕವೇ ಬೇರೆ. ಕೆಪೆಸಿಟಬಿನ್ ಎಂಬ ಕ್ಯಾನ್ಸರ್ ಮಾತ್ರೆ ತಗೊಳ್ಳುವವರಿಗೆ ಫೋಲಿಕ್ ಆಮ್ಲ ಆ ಔಷಧಿಯ ವಿಷತ್ವವನ್ನೇ ಹೆಚ್ಚಿಸುತ್ತದೆ: ಭೇದಿ, ಅಂಗೈ ಅಂಗಾಲು ಕೆಂಪಾಗಿ ಸುಲಿಯುವುದು. ಕೀಮೋ ನಡೆಯುವಾಗ "ಪಾಪ, ಸೊರಗಿದ್ದಾರೆ" ಎಂದು ನೆಂಟರು ತರುವ ಶಕ್ತಿ ಕ್ಯಾಪ್ಸೂಲನ್ನು ಕ್ಯಾನ್ಸರ್ ವೈದ್ಯರಿಗೆ ತೋರಿಸದೆ ಕೊಡಬೇಡಿ.

ಕೈ ನಡುಕದ ಪಾರ್ಕಿನ್ಸನ್ ಕಾಯಿಲೆ

ಬಿ6 ಈ ಕಾಯಿಲೆಗೆ ಕೊಡುವ ಲೆವೊಡೋಪಾವನ್ನು ಮಿದುಳಿಗೆ ತಲುಪುವ ಮುಂಚೆಯೇ ಒಡೆದುಹಾಕುತ್ತದೆ. ಈಗ ನಮ್ಮಲ್ಲಿ ಸಿಗುವ ಮಾತ್ರೆಗಳಲ್ಲಿ ಲೆವೊಡೋಪಾ ಜೊತೆ ಕಾರ್ಬಿಡೋಪಾ ಇದ್ದು ಅದನ್ನು ತಡೆಯುತ್ತದೆ, ಸಾಮಾನ್ಯ ಬಿ-ಕಾಂಪ್ಲೆಕ್ಸಿಗೆ ಹೆದರಬೇಕಿಲ್ಲ. ಆದರೆ ನಸುಗುನ್ನಿ ಬೀಜದ ಪುಡಿ ತಗೊಳ್ಳುವವರು ಗಮನಿಸಿ. ಅದರಲ್ಲಿರುವುದೂ ಲೆವೊಡೋಪಾವೇ, ಕಾವಲಿಗೆ ಕಾರ್ಬಿಡೋಪಾ ಇಲ್ಲ. ಪುಡಿ, ಮಾತ್ರೆ, ವಿಟಮಿನ್ ಮೂರನ್ನೂ ಒಟ್ಟಿಗೆ ವೈದ್ಯರಿಗೆ ತೋರಿಸಿ.

ಉಳಿದವು ಚುಟುಕಾಗಿ

ಹೃದಯ ಸೋತು ಕಾಲು ಊದಿದವರಿಗೆ ಕೊಡುವ ಫ್ಯುರೊಸೆಮೈಡ್ ಮೂತ್ರದ ಜೊತೆ ಬಿ1 ಅನ್ನೂ ಕಳೆಯುತ್ತದೆ, ಬಹಳ ಕಾಲ ತಗೊಂಡವರು ವೈದ್ಯರನ್ನು ಕೇಳಿ. ಕೊಲೆಸ್ಟರಾಲ್ ಇಳಿಸಲು ಗ್ರಾಂ ಲೆಕ್ಕದಲ್ಲಿ ನಯಾಸಿನ್ ತಗೊಂಡರೆ ಸ್ಟ್ಯಾಟಿನ್ ಗುಂಪಿನ ಕೊಲೆಸ್ಟರಾಲ್ ಮಾತ್ರೆ ಜೊತೆ ಸ್ನಾಯುವಿಗೆ ಹಾನಿಯಾಗಬಹುದು, ಶುಗರೂ ಏರಬಹುದು. ಬಿ-ಕಾಂಪ್ಲೆಕ್ಸಿನಲ್ಲಿರುವ ಅಲ್ಪ ನಿಕೋಟಿನಮೈಡ್‌ಗೆ ಈ ಮಾತು ಅನ್ವಯಿಸದು. ಅಮ್ಲೊಡಿಪಿನ್, ಟೆಲ್ಮಿಸಾರ್ಟನ್‌ನಂಥ ಬಿ.ಪಿ. ಮಾತ್ರೆಗಳಿಗೂ ಸಾಮಾನ್ಯ ಬಿ-ಕಾಂಪ್ಲೆಕ್ಸಿಗೂ ಜಗಳವಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತಗೊಳ್ಳುವವರು ಮಲ್ಟಿವಿಟಮಿನ್ನಿನಲ್ಲಿ ವಿಟಮಿನ್ ಕೆ ಇದೆಯೇ ಎಂದು ನೋಡಿದರೆ ಸಾಕು, ಬಿ ವಿಟಮಿನ್ ಅಲ್ಲಿ ದೊಡ್ಡ ಚಿಂತೆಯಲ್ಲ.

ಹಂತ 4: ಒಂದೇ ವಿಟಮಿನ್ ಎಷ್ಟು ಕಡೆಯಿಂದ ಬರುತ್ತಿದೆ, ಕೂಡಿಸಿ

ಬಿ ವಿಟಮಿನ್ ನೀರಲ್ಲಿ ಕರಗುತ್ತದೆ, ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ ಎಂಬ ಮಾತನ್ನು ಬಿ6 ವಿಷಯದಲ್ಲಿ ನಂಬಬೇಡಿ. ಅದು ಮಿತಿಮೀರಿ ತಿಂಗಳುಗಟ್ಟಲೆ ಒಳಗೆ ಹೋದರೆ ನರವನ್ನೇ ಕೆಡಿಸುತ್ತದೆ. ಲಕ್ಷಣ ಕೊರತೆಯದ್ದೇ: ಉರಿ, ಜೋಮು, ಓಲಾಟ. ಜೋಮು ಹೆಚ್ಚಾಯಿತು ಎಂದು ಜನ ಇನ್ನೊಂದು ನರದ ಮಾತ್ರೆ ಸೇರಿಸುತ್ತಾರೆ, ಜೋಮು ಇನ್ನೂ ಹೆಚ್ಚುತ್ತದೆ. ದಿನದ ಮೇಲ್ಮಿತಿಯನ್ನು ಅಮೆರಿಕದಲ್ಲಿ 100 ಎಂ.ಜಿ. ಎಂದು ಇಟ್ಟಿದ್ದಾರೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ಅದನ್ನು 12 ಎಂ.ಜಿ.ಗೆ ಇಳಿಸಿತು. ಬಿ-ಕಾಂಪ್ಲೆಕ್ಸ್, ನರದ ಮಾತ್ರೆ, ಪ್ರೋಟೀನ್ ಪೌಡರ್, ಎನರ್ಜಿ ಡ್ರಿಂಕ್ ಎಲ್ಲದರ ಬಿ6 ಅನ್ನು ಒಂದು ಚೀಟಿಯಲ್ಲಿ ಕೂಡಿಸಿ ನೋಡಿ.

ಹಂತ 5: ಗಂಟೆ ಹೊಂದಿಸಿ

ಇಲ್ಲಿ ತಪ್ಪು ಬಿ ವಿಟಮಿನ್ನಿನದಲ್ಲ, ಅದರ ಜೊತೆ ಅದೇ ಕ್ಯಾಪ್ಸೂಲಿನಲ್ಲಿ ಕೂತಿರುವ ಜಿಂಕ್, ಕಬ್ಬಿಣ, ಕ್ಯಾಲ್ಸಿಯಂಗಳದ್ದು. ಅವು ಸಿಪ್ರೊಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್‌ನಂಥ ಆಂಟಿಬಯೋಟಿಕ್‌ಗಳಿಗೆ ಹೊಟ್ಟೆಯಲ್ಲೇ ಅಂಟಿಕೊಂಡು ಔಷಧಿ ರಕ್ತಕ್ಕೆ ಹೋಗದ ಹಾಗೆ ಮಾಡುತ್ತವೆ. ಆಂಟಿಬಯೋಟಿಕ್ ಬರೆದುಕೊಡುವಾಗ ಬಿ-ಕಾಂಪ್ಲೆಕ್ಸನ್ನೂ ಜೊತೆಗೆ ಕೊಡುವುದು ನಮ್ಮಲ್ಲಿ ಮಾಮೂಲು. ಎರಡನ್ನೂ ಒಂದೇ ಗುಟುಕಿಗೆ ನುಂಗುವುದೂ ಮಾಮೂಲು. ಸಿಪ್ರೊಫ್ಲಾಕ್ಸಸಿನ್ ಮೊದಲು ತಗೊಂಡು ಕನಿಷ್ಠ 2 ಗಂಟೆ ಬಿಡಿ. ಜಿಂಕ್ ಅಥವಾ ಕಬ್ಬಿಣ ಮೊದಲು ಹೋಗಿದ್ದರೆ 6 ಗಂಟೆ ಕಾಯಿರಿ. ಥೈರಾಯ್ಡ್ ಮಾತ್ರೆಗೂ ಕಬ್ಬಿಣ, ಕ್ಯಾಲ್ಸಿಯಂ ಇರುವ ಯಾವುದೇ ವಿಟಮಿನ್ನಿಗೂ ನಡುವೆ 4 ಗಂಟೆ ಅಂತರವಿರಲಿ.

ಹಂತ 6: ರಕ್ತ ಕೊಡುವ ಮುಂಚೆ ಕೂದಲಿನ ಮಾತ್ರೆ ನೆನಪಿಸಿಕೊಳ್ಳಿ

ಬಯೋಟಿನ್ ದಿನಕ್ಕೆ 30 ಮೈಕ್ರೋಗ್ರಾಂ ಇದ್ದರೆ ದೊಡ್ಡವರಿಗೆ ಸಾಕು. ಕೂದಲು, ಉಗುರಿಗೆಂದು ಮಾರುವ ಮಾತ್ರೆಗಳಲ್ಲಿ 5 ಅಥವಾ 10 ಎಂ.ಜಿ. ಇರುತ್ತದೆ, ಅಂದರೆ ಬೇಕಾದದ್ದರ ನೂರಾರು ಪಟ್ಟು. ದೇಹಕ್ಕೆ ಅದರಿಂದ ತೊಂದರೆ ಕಡಿಮೆ, ಲ್ಯಾಬಿನ ಯಂತ್ರಕ್ಕೆ ಮಾತ್ರ ದೊಡ್ಡ ಗೊಂದಲ. ಕೆಲವು ಪರೀಕ್ಷಾ ವಿಧಾನಗಳಲ್ಲಿ ಬಯೋಟಿನ್ನನ್ನೇ ಅಂಟಿನ ಹಾಗೆ ಬಳಸುತ್ತಾರೆ. ರಕ್ತದಲ್ಲಿ ಅದು ತುಂಬಿದ್ದರೆ ಥೈರಾಯ್ಡ್ ಪರೀಕ್ಷೆಯಲ್ಲಿ ಟಿ.ಎಸ್‌.ಎಚ್‌. ಸುಳ್ಳಾಗಿ ಕಡಿಮೆ, ಟಿ3, ಟಿ4 ಸುಳ್ಳಾಗಿ ಹೆಚ್ಚು ತೋರಿಸುತ್ತದೆ. ಥೈರಾಯ್ಡ್ ಜಾಸ್ತಿಯಾಗಿದೆ ಎಂದುಕೊಂಡು ಮಾತ್ರೆ ಇಳಿಸುವ ಸಾಧ್ಯತೆಯಿದೆ. ಇನ್ನೂ ಭಯದ ವಿಷಯ ಟ್ರೊಪೊನಿನ್. ಹೃದಯಾಘಾತ ಪತ್ತೆಮಾಡುವ ಈ ಪರೀಕ್ಷೆ ಬಯೋಟಿನ್ ಇದ್ದಾಗ ಸುಳ್ಳಾಗಿ ಕಡಿಮೆ ಬರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಒಮ್ಮೆ, 2019ರಲ್ಲಿ ಮತ್ತೊಮ್ಮೆ ಈ ಬಗ್ಗೆ ಎಚ್ಚರಿಸಿದೆ. ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ 2 ದಿನ ಮುಂಚೆ ವೈದ್ಯರನ್ನು ಕೇಳಿಯೇ ಇಂಥ ಮಾತ್ರೆ ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ. ಎದೆನೋವು ಬಂದರೆ ನಿಲ್ಲಿಸಿ ಕಾಯುವ ಮಾತೇ ಇಲ್ಲ, ತಕ್ಷಣ ಹೋಗಿ "ಕೂದಲಿನ ಮಾತ್ರೆ ತಗೊಳ್ತಿದ್ದಾರೆ" ಎಂದು ಡಾಕ್ಟರಿಗೆ ಹೇಳಿ.

ಹಂತ 7: ಹಳದಿ ಬಾಟ್ಲಿಗೆ ಮುಂಚೆ ಎರಡು ಪ್ರಶ್ನೆ

ಸುಸ್ತಾದರೆ ಬಾಟ್ಲಿ ಹಾಕಿಸಿಕೊಳ್ಳುವುದು ನಮ್ಮ ಹಳ್ಳಿಗಳಲ್ಲಿ ಬಲು ಪ್ರೀತಿಯ ಚಿಕಿತ್ಸೆ. ಬಿ ವಿಟಮಿನ್ ಸೇರಿಸಿದಾಗ ಬಾಟ್ಲಿ ಹಳದಿಯಾಗುತ್ತದೆ, ಅದು ಬಿ2 ಬಣ್ಣ. ಹಳದಿಯಿದ್ದರೆ ಶಕ್ತಿ ಜಾಸ್ತಿ ಎಂದು ಜನ ಕೇಳಿ ಹಾಕಿಸಿಕೊಳ್ಳುತ್ತಾರೆ. ಆ ಬಾಟ್ಲಿಯಲ್ಲಿರುವುದು ಹೆಚ್ಚಾಗಿ ಗ್ಲೂಕೋಸ್. ಶುಗರ್ ಇದ್ದರೆ ಮೊದಲು ಅದನ್ನು ಹೇಳಿ. ಎರಡನೆಯದು, ಮನೆಯವರು ವರ್ಷಗಟ್ಟಲೆ ಕುಡಿಯುವವರಾಗಿದ್ದು ಊಟ ಬಿಟ್ಟಿದ್ದರೆ ಅದನ್ನು ಮುಚ್ಚಿಡಬೇಡಿ. ಅಂಥವರಲ್ಲಿ ಬಿ1 ಬರಿದಾಗಿರುತ್ತದೆ. ಗ್ಲೂಕೋಸ್ ಕೊಡುವ ಮುಂಚೆ ಅಥವಾ ಜೊತೆಗೇ ತಕ್ಕಷ್ಟು ಥಯಾಮಿನ್ ಕೊಡದಿದ್ದರೆ ಮಿದುಳಿಗೆ ಹಾನಿಯಾಗಬಹುದು: ಗೊಂದಲ, ಕಣ್ಣು ಓರೆಯಾಗುವುದು, ನಿಲ್ಲಲಾಗದ ಓಲಾಟ. ಬಿ1, ಬಿ12 ಇಂಜೆಕ್ಷನ್‌ಗಳಿಗೆ ಅಪರೂಪಕ್ಕೆ ತೀವ್ರ ಅಲರ್ಜಿಯೂ ಆಗುತ್ತದೆ, ಅದನ್ನು ಸಂಭಾಳಿಸಲು ಆಗದ ಕಡೆ ಹಾಕಿಸಿಕೊಳ್ಳಬೇಡಿ.

ಹಂತ 8: ಒಂದು ಹಾಳೆ ಬರೆಯಿರಿ

ಇಷ್ಟು ಮಾಡಿದ ಮೇಲೆ ಕಂಡದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಮಾತ್ರೆಯ ಒಳಗಿನ ಔಷಧಿಯ ಹೆಸರು, ಪ್ರಮಾಣ, ಯಾವ ಹೊತ್ತು, ಯಾವಾಗಿಂದ, ಯಾರು ಬರೆದದ್ದು. ತಾವಾಗಿಯೇ ಕೊಂಡದ್ದಿದ್ದರೆ "ನಾನೇ" ಎಂದು ಬರೆಯಿರಿ, ಯಾವ ವೈದ್ಯರೂ ಅದಕ್ಕೆ ಬೈಯುವುದಿಲ್ಲ, ಬೈದರೂ ಪರವಾಗಿಲ್ಲ. ಒಂದು ಪ್ರತಿ ಚೀಲದಲ್ಲಿ, ಒಂದು ಫೋಟೋ ಮನೆಯವರ ಫೋನಿನಲ್ಲಿ. ಜಗಳೂರಿನ ಅಜ್ಜಿಗೆ ಈ ಹಾಳೆಯನ್ನು ಅವರ ಮೊಮ್ಮಗಳು ಬರೆದುಕೊಟ್ಟಿದ್ದಾಳೆ, ಕೆಂಪು ಕ್ಯಾಪ್ಸೂಲ್ ಮೊದಲನೇ ಸಾಲಿನಲ್ಲಿದೆ.

ನಮ್ಮಮ್ಮನ ಹಾಳೆ ಹೀಗಿದೆ, ನೋಡಿ ಬರೆದುಕೊಳ್ಳಬಹುದು:

ಬೆಳಿಗ್ಗೆ 6, ಖಾಲಿ ಹೊಟ್ಟೆ: ಥೈರಾಯ್ಡ್ ಮಾತ್ರೆ, ಬರೀ ನೀರಿನ ಜೊತೆ.
ಬೆಳಿಗ್ಗೆ 8:30, ತಿಂಡಿ ಜೊತೆ: ಮೆಟ್‌ಫಾರ್ಮಿನ್ 500, ಬಿ.ಪಿ. ಮಾತ್ರೆ.
ಮಧ್ಯಾಹ್ನ ಊಟದ ಮೇಲೆ: ಬಿ12 ಮಾತ್ರೆ, 1500 ಮೈಕ್ರೋಗ್ರಾಂ. ಬೆನ್ನು ನೋಡಿದೆ, ಬೇರೇನೂ ಬೆರೆತಿಲ್ಲ.
ರಾತ್ರಿ ಊಟದ ಜೊತೆ: ಮೆಟ್‌ಫಾರ್ಮಿನ್ 500.
ನಿಲ್ಲಿಸಿದ್ದು: ಪ್ಯಾಂಟೊಪ್ರಜೋಲ್, ವೈದ್ಯರು ಹೇಳಿದ ಮೇಲೆ, ನಿಧಾನವಾಗಿ.
ಬಿ12 ಮತ್ತೆ ನೋಡಿಸುವುದು: ದೀಪಾವಳಿ ಕಳೆದ ಮೇಲೆ.